ಹೋಗುವಾಗ ಒಂಬತ್ತು ಗಂಟೆ, ಬರುವಾಗ ಏಳು: ನಡುವಿನ ಎರಡು ಗಂಟೆ ಎಲ್ಲಿ ಹೋಯ್ತು?

ಓದುಗರ ಪ್ರಶ್ನೆ: "ಕೆಲಸದ ಮೇಲೆ ಲಂಡನ್‌ನಲ್ಲಿದ್ದೇನೆ. ಮಾರ್ಚ್ 18ರಂದು ಇಲ್ಲಿಂದ ನ್ಯೂಯಾರ್ಕ್‌ಗೆ ಹೋಗಬೇಕು, ಏಪ್ರಿಲ್ 2ಕ್ಕೆ ವಾಪಸ್. ಟಿಕೆಟ್ ಆಗಿದೆ, ಆದರೆ ಲೆಕ್ಕ ಮಾತ್ರ ಕೂಡುತ್ತಿಲ್ಲ. ದೂರ ಎಷ್ಟು ಅಂತ ಹುಡುಕಿದರೆ ಒಂದು ಕಡೆ 5,570 ಕಿ.ಮೀ., ಇನ್ನೊಂದು ಕಡೆ 5,540, ಮತ್ತೊಂದು ಕಡೆ 3,442 ಮೈಲಿ, ಇನ್ನೆಲ್ಲೋ 2,991 ಮೈಲಿ. ವಿಮಾನ ಗಂಟೆಗೆ 900 ಕಿ.ಮೀ. ಹೋಗುತ್ತದೆ ಅಂದರೆ ಆರು ಗಂಟೆ ಸಾಕು. ನನ್ನ ವಿಮಾನ ಬೆಳಗ್ಗೆ 11ಕ್ಕೆ ಹೊರಟು ಅಲ್ಲಿಯ ಸಮಯ ಮಧ್ಯಾಹ್ನ 3ಕ್ಕೆ ತಲುಪುತ್ತದೆ. ಐದು ಗಂಟೆ ವ್ಯತ್ಯಾಸ ಸೇರಿಸಿದರೆ ಒಂಬತ್ತು ಗಂಟೆ! ಬರುವಾಗ ಸಂಜೆ 7ಕ್ಕೆ ಹೊರಟು ಮರುದಿನ ಬೆಳಗ್ಗೆ 7ಕ್ಕೆ, ಅಂದರೆ ಏಳೇ ಗಂಟೆ. ಭೂಮಿ ತಿರುಗುವುದರಿಂದ ಹೀಗಾಗುತ್ತದೆ ಅಂತ ಗೆಳೆಯನೊಬ್ಬ ಹೇಳಿದ. ಹಾಗಿದ್ದರೆ ಪಶ್ಚಿಮಕ್ಕೆ ಹೋಗುವಾಗಲೇ ಬೇಗ ತಲುಪಬೇಕಲ್ವಾ? ಮ್ಯಾಪ್‌ನಲ್ಲಿ ನೋಡಿದರೆ ದಾರಿ ಉತ್ತರಕ್ಕೆ ಸುತ್ತಿಕೊಂಡು ಹೋಗುತ್ತದೆ. ಕಂಪನಿಯವರು ಸುಮ್ನೆ ಸಮಯ ಜಾಸ್ತಿ ತೋರಿಸುತ್ತಾರಾ? ಇಷ್ಟೆಲ್ಲ ಕೇಳುವುದಕ್ಕೆ ಕಾರಣ ಇದೆ. ಅದೇ ದಿನ ಸಂಜೆ 5.20ಕ್ಕೆ ನ್ಯೂಯಾರ್ಕ್‌ನಿಂದ ಶಿಕಾಗೊಗೆ ಇನ್ನೊಂದು ಕಂಪನಿಯ ಟಿಕೆಟ್ ಬೇರೆಯಾಗಿ ತೆಗೆಯಬೇಕು ಅಂದುಕೊಂಡಿದ್ದೇನೆ. ಎರಡು ಗಂಟೆ ಇಪ್ಪತ್ತು ನಿಮಿಷ ಸಾಕಾ? ಎದುರುಗಾಳಿ ಜಾಸ್ತಿಯಾದರೆ ಇಂಧನ ಸಾಲುತ್ತದಾ ಅನ್ನುವ ಭಯವೂ ಇದೆ."

ಮೊದಲು ಆ ಒಂಬತ್ತು ಗಂಟೆಯ ವಿಷಯ ಮುಗಿಸೋಣ. ಅದು ಒಂಬತ್ತು ಅಲ್ಲವೇ ಅಲ್ಲ, ಎಂಟು. ಲಂಡನ್‌ಗೂ ನ್ಯೂಯಾರ್ಕ್‌ಗೂ ಐದು ಗಂಟೆ ವ್ಯತ್ಯಾಸ ಅನ್ನುವುದು ವರ್ಷದ ಬಹುಪಾಲು ದಿನಗಳಿಗೆ ಸರಿ. ನೀವು ಹೋಗುವ ದಿನಕ್ಕೆ ಮಾತ್ರ ತಪ್ಪು. ಬೇಸಿಗೆ ಹತ್ತಿರ ಬಂದಾಗ ಎರಡೂ ದೇಶದವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಆದರೆ ಒಂದೇ ದಿನ ಅಲ್ಲ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ, ಬ್ರಿಟನ್‌ನಲ್ಲಿ ಮಾರ್ಚ್‌ನ ಕೊನೆಯ ಭಾನುವಾರ. ಈ ಸಂದಿಯ ಎರಡು ಮೂರು ವಾರ ವ್ಯತ್ಯಾಸ ನಾಲ್ಕೇ ಗಂಟೆ. ಮಾರ್ಚ್ 18 ಯಾವ ವರ್ಷ ತೆಗೆದುಕೊಂಡರೂ ಈ ಸಂದಿಯಲ್ಲೇ ಬೀಳುತ್ತದೆ. ಏಪ್ರಿಲ್ 2ರ ಹೊತ್ತಿಗೆ ಬ್ರಿಟನ್ನಿನವರೂ ಗಡಿಯಾರ ತಿರುಗಿಸಿ ಆಗಿರುತ್ತದೆ, ಆಗ ಮತ್ತೆ ಐದು. ಅಕ್ಟೋಬರ್ ಕೊನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೂ ಇದೇ ತರಹದ ಒಂದು ವಾರ ಬರುತ್ತದೆ.

ಹಾಗಾಗಿ ನಿಮಗೆ ಕಂಡ ಎರಡು ಗಂಟೆ ವ್ಯತ್ಯಾಸದಲ್ಲಿ ಒಂದು ಗಂಟೆ ಬರೀ ಗಡಿಯಾರದ್ದು. ಇನ್ನೊಂದು ಗಂಟೆ ನಿಜವಾದದ್ದು, ಅದು ಗಾಳಿಯದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಡಿಸ್ಪ್ಯಾಚರ್ ಆಗಿದ್ದವನು. ವಿಮಾನ ಹೊರಡುವ ಮೊದಲು ದಾರಿ, ಎತ್ತರ, ಇಂಧನ ಎಲ್ಲ ಲೆಕ್ಕ ಹಾಕಿ ಪೈಲಟ್ ಕೈಗೆ ಕೊಡುವ, ಆದರೆ ತಾನು ನೆಲದ ಮೇಲೇ ಕೂತಿರುವ ಮನುಷ್ಯ. ನಮ್ಮ ಕೋಣೆಯಲ್ಲಿ ಊರಿನ ಸಮಯ ಅಂತ ಯಾರೂ ಮಾತಾಡುವುದಿಲ್ಲ. ಎಲ್ಲವೂ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಗಡಿಯಾರ. ನೀವೂ ಹಾಗೇ ಮಾಡಿ. ಹೋಗುವಾಗ 11ಕ್ಕೆ ಹೊರಟು 19ಕ್ಕೆ ತಲುಪುತ್ತೀರಿ, ಎಂಟು ಗಂಟೆ. ಬರುವಾಗ 23ಕ್ಕೆ ಹೊರಟು ಮರುದಿನ 6ಕ್ಕೆ, ಏಳು ಗಂಟೆ. ಊರಿನ ಗಡಿಯಾರ ನಂಬಿ ಪ್ರಯಾಣದ ಸಮಯ ಕಳೆಯಲು ಕೂತರೆ ಏನೇನೋ ಬರುತ್ತದೆ. ಸಮೋವಾದ ಆಪಿಯಾದಿಂದ ಅಮೆರಿಕನ್ ಸಮೋವಾದ ಪಾಗೊ ಪಾಗೊಗೆ ಅರ್ಧ ಗಂಟೆಯ ಹಾರಾಟ, ಚಿಕ್ಕ ವಿಮಾನ. ಆದರೆ ನಡುವೆ ದಿನಾಂಕ ರೇಖೆ ಇದೆ, ಸಮೋವಾ 2011ರ ಡಿಸೆಂಬರ್ 30ನ್ನೇ ಕ್ಯಾಲೆಂಡರ್‌ನಿಂದ ಬಿಟ್ಟು ರೇಖೆಯ ಆ ಬದಿಗೆ ಹೋಗಿಬಿಟ್ಟಿತು. ಹಾಗಾಗಿ ಇವತ್ತು ಬೆಳಗ್ಗೆ ಹೊರಟರೆ ನಿನ್ನೆ ಬೆಳಗ್ಗೆ ಇಳಿಯುತ್ತೀರಿ.

ದೂರದ ಲೆಕ್ಕಕ್ಕೆ ಬರೋಣ. ನೀವು ಕೊಟ್ಟ ನಾಲ್ಕು ಸಂಖ್ಯೆಗಳಲ್ಲಿ ಮೂರು ಒಂದೇ. 3,442 ಅನ್ನುವುದು ರಸ್ತೆಯ ಮೈಲಿ, ಒಂದಕ್ಕೆ 1.609 ಕಿ.ಮೀ. 2,991 ಅನ್ನುವುದು ನಾಟಿಕಲ್ ಮೈಲಿ, ಒಂದಕ್ಕೆ 1.852 ಕಿ.ಮೀ. ಗುಣಿಸಿ ನೋಡಿ, ಎರಡೂ 5,540 ಕಿ.ಮೀ. ಹತ್ತಿರ ಬಂದು ನಿಲ್ಲುತ್ತವೆ. ಬರೀ "ಮೈಲಿ" ಅಂತ ಬರೆದು ಯಾವ ಮೈಲಿ ಅಂತ ಹೇಳದೇ ಇರುವುದರಿಂದ ಈ ಗೊಂದಲ. ಉಳಿದ 5,570 ಊರಿನ ಮಧ್ಯದಿಂದ ಊರಿನ ಮಧ್ಯಕ್ಕೆ ಅಳೆದದ್ದು. 5,540 ಹೀಥ್ರೂ ವಿಮಾನ ನಿಲ್ದಾಣದಿಂದ ಜೆಎಫ್‌ಕೆ ನಿಲ್ದಾಣಕ್ಕೆ. ಹೀಥ್ರೂ ಇರುವುದು ಲಂಡನ್‌ನ ಪಶ್ಚಿಮಕ್ಕೆ, ಜೆಎಫ್‌ಕೆ ಇರುವುದು ಮ್ಯಾನ್‌ಹಟನ್‌ನ ಪೂರ್ವ ದಿಕ್ಕಿಗೆ. ಎರಡೂ ಒಂದಕ್ಕೊಂದು ಮುಖ ಮಾಡಿ ಕೂತಿವೆ, ಅದಕ್ಕೇ ಮೂವತ್ತು ಕಿ.ಮೀ. ಕಡಿಮೆ. ಇನ್ನು ಭೂಮಿಯನ್ನು ಪೂರ್ತಿ ಗುಂಡಗಿನ ಚೆಂಡು ಅಂತ ಲೆಕ್ಕ ಹಾಕಿದರೆ ಒಂದು ಉತ್ತರ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ ಅಂತ ಹಾಕಿದರೆ ಇನ್ನೊಂದು. ಆ ವ್ಯತ್ಯಾಸ ಹೆಚ್ಚೆಂದರೆ ನೂರಕ್ಕೆ ಅರ್ಧದಷ್ಟು, ಪ್ರಯಾಣಿಕರು ತಲೆ ಕೆಡಿಸಿಕೊಳ್ಳುವಂಥದ್ದಲ್ಲ.

ತಲೆ ಕೆಡಿಸುವುದು ಆ ಬಾಗಿದ ಗೆರೆ. ಇದನ್ನು ನನ್ನ ಹತ್ತಿರ ಕೇಳದೇ ಇರುವ ಪ್ರಯಾಣಿಕರೇ ಇಲ್ಲ ಅನ್ನಬಹುದು. ನ್ಯೂಯಾರ್ಕ್ ಲಂಡನ್‌ಗಿಂತ ತುಂಬಾ ದಕ್ಷಿಣದಲ್ಲಿದೆ, ಹೆಚ್ಚುಕಡಿಮೆ ಇಟಲಿಯ ನೇಪಲ್ಸ್‌ನ ಸಾಲಿನಲ್ಲಿ. ಹಾಗಿದ್ದರೂ ಹೀಥ್ರೂನಿಂದ ಹತ್ತಿರದ ದಾರಿ ಹಿಡಿದ ವಿಮಾನ ನೇರ ಪಶ್ಚಿಮಕ್ಕಿಂತ 18 ಡಿಗ್ರಿಯಷ್ಟು ಉತ್ತರಕ್ಕೆ ಮೂತಿ ಮಾಡಿ ಹೊರಡುತ್ತದೆ. ದಕ್ಷಿಣಕ್ಕಿರುವ ಊರಿಗೆ ಉತ್ತರಕ್ಕೆ ಹೊರಡುವುದು! ಸುಳ್ಳು ಹೇಳುತ್ತಿರುವುದು ವಿಮಾನ ಅಲ್ಲ, ನಿಮ್ಮ ಮ್ಯಾಪ್. ಗುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಹರಡುವಾಗ ಧ್ರುವದ ಕಡೆಯ ಜಾಗವನ್ನೆಲ್ಲ ಅಡ್ಡಕ್ಕೆ ಎಳೆದು ಹಿಗ್ಗಿಸುತ್ತಾರೆ. ಒಂದು ಗ್ಲೋಬ್ ಸಿಕ್ಕರೆ ಎರಡು ಊರಿನ ಮೇಲೆ ಬೆರಳಿಟ್ಟು ನೂಲು ಬಿಗಿಯಾಗಿ ಹಿಡಿಯಿರಿ. ಆ ನೂಲು ಐರ್ಲೆಂಡ್ ದಾಟಿ, ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಮೇಲೆ ಹಾದು ಕೆಳಕ್ಕಿಳಿಯುತ್ತದೆ. ಇದಕ್ಕೆ ಮಹಾವೃತ್ತದ ದಾರಿ ಅನ್ನುತ್ತಾರೆ. ಮ್ಯಾಪ್ ಮೇಲೆ ಸ್ಕೇಲ್ ಇಟ್ಟು ಎಳೆದ ನೇರ ಗೆರೆಯ ಮೇಲೆ ಹೋದರೆ ದೂರ ಸುಮಾರು 5,760 ಕಿ.ಮೀ. ಆಗುತ್ತದೆ. ನೇರ ಕಂಡದ್ದು 220 ಕಿ.ಮೀ. ಸುತ್ತು, ಸುತ್ತು ಕಂಡದ್ದೇ ನೇರ.

ಆದರೆ ಆ ನೂಲಿನ ದಾರಿಯಲ್ಲೇ ವಿಮಾನ ಹೋಗುತ್ತದೆ ಅಂದುಕೊಳ್ಳಬೇಡಿ. 5,540 ಅನ್ನುವುದು ಹಾರುವ ದೂರ ಅಲ್ಲ, ಅದಕ್ಕಿಂತ ಕಡಿಮೆ ಹಾರುವುದಕ್ಕೆ ಆಗುವುದಿಲ್ಲ ಅನ್ನುವ ದೂರ. ಮೇಲೇಳುವಾಗ ರನ್‌ವೇ ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ ಹೋಗಿ ತಿರುಗಬೇಕು, ಇಳಿಯುವಾಗ ಸಾಲು ಹಿಡಿಯಬೇಕು. ಅಟ್ಲಾಂಟಿಕ್ ಮೇಲೆ ಪ್ರತಿದಿನ ಗಾಳಿ ನೋಡಿಕೊಂಡು ಹೊಸದಾಗಿ ದಾರಿಗಳನ್ನು ಹಾಕುತ್ತಾರೆ. ಹಗಲು ಪಶ್ಚಿಮಕ್ಕೆ ಹೋಗುವವರಿಗೆ ಒಂದು ಕಟ್ಟು, ರಾತ್ರಿ ಪೂರ್ವಕ್ಕೆ ಬರುವವರಿಗೆ ಇನ್ನೊಂದು ಕಟ್ಟು. ನಿನ್ನೆಯ ದಾರಿ ಇವತ್ತಿಲ್ಲ. ಹಾಗಾಗಿ 5,600 ಅಥವಾ 5,700 ಕಿ.ಮೀ. ಹಾರಿದರೆ ಆಶ್ಚರ್ಯ ಇಲ್ಲ, ಕೆಲವು ದಿನ ಇನ್ನೂ ಜಾಸ್ತಿ.

ಈಗ ನಿಮ್ಮ ಗೆಳೆಯನ ಮಾತು. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ, ಅಂದರೆ ವಿಮಾನ ಪಶ್ಚಿಮಕ್ಕೆ ಹೋದರೆ ನ್ಯೂಯಾರ್ಕೇ ಎದುರಿಗೆ ಬರಬೇಕು, ಬೇಗ ತಲುಪಬೇಕು ಅನ್ನುವುದು ನೀವು ತೆಗೆದ ತರ್ಕ. ಅಡ್ಡಿಯಿಲ್ಲ, ತರ್ಕ ಸರಿಯಾಗಿದೆ, ಬುಡವೇ ತಪ್ಪು. ಲಂಡನ್ ಇರುವ ಅಕ್ಷಾಂಶದಲ್ಲಿ ನೆಲ ಗಂಟೆಗೆ ಸುಮಾರು 1,040 ಕಿ.ಮೀ. ವೇಗದಲ್ಲಿ ಸುತ್ತುತ್ತಿದೆ. ಗಾಳಿಯೂ ನೆಲದ ಜೊತೆಗೇ ಸುತ್ತುತ್ತಿದೆ, ರನ್‌ವೇ ಮೇಲೆ ನಿಂತ ವಿಮಾನವೂ ಸುತ್ತುತ್ತಿದೆ. ಹಾಗಲ್ಲದೇ ಹೋಗಿದ್ದರೆ ಹೆಲಿಕಾಪ್ಟರ್ ಒಂದು ಗಂಟೆ ಒಂದೇ ಕಡೆ ತೇಲುತ್ತಾ ನಿಂತು ಸಾವಿರ ಕಿ.ಮೀ. ದೂರದ ಊರಿನಲ್ಲಿ ಇಳಿಯುತ್ತಿತ್ತು, ಯಾರೂ ಇಂಧನ ಸುಡುತ್ತಲೇ ಇರಲಿಲ್ಲ. ಆದರೂ ಗೆಳೆಯನನ್ನು ಪೂರ್ತಿ ತಳ್ಳಿಹಾಕಬೇಡಿ. ಭೂಮಿಯ ತಿರುಗುವಿಕೆಗೆ ಇದರಲ್ಲಿ ಒಂದು ಕೈ ಇದೆ, ಆದರೆ ನೇರವಾಗಿ ಅಲ್ಲ. ಬಿಸಿಯಾದ ಸಮಭಾಜಕದ ಕಡೆಯಿಂದ ಗಾಳಿ ಮೇಲೆದ್ದು ತಣ್ಣಗಿನ ಧ್ರುವದ ಕಡೆಗೆ ಹರಿಯಲು ನೋಡುತ್ತದೆ. ಭೂಮಿ ತಿರುಗುತ್ತಿರುವುದರಿಂದ ಆ ಹರಿವು ಪೂರ್ವಕ್ಕೆ ಬಾಗಿಕೊಳ್ಳುತ್ತದೆ. ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ, ಅಂದರೆ ಸರಿಯಾಗಿ ವಿಮಾನಗಳು ಹಾರುವ ಎತ್ತರದಲ್ಲೇ, ಅದು ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ನದಿಯಾಗುತ್ತದೆ. ಇದೇ ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಧ್ರುವಕ್ಕೂ ಸಮಭಾಜಕಕ್ಕೂ ಬಿಸಿಯ ಅಂತರ ಜಾಸ್ತಿ, ಹಾಗಾಗಿ ಗಾಳಿಯೂ ಜೋರು. ಗಂಟೆಗೆ 150, 200 ಕಿ.ಮೀ. ಸಾಮಾನ್ಯ. ಕೆಲವು ದಿನ 300 ದಾಟುತ್ತದೆ. ನೀವು ಹೋಗುವ ಮಾರ್ಚ್‌ನಲ್ಲಿ ಅದಿನ್ನೂ ತಣ್ಣಗಾಗಿರುವುದಿಲ್ಲ.

ವಿಮಾನದ 900 ಕಿ.ಮೀ. ವೇಗ ಗಾಳಿಯ ಲೆಕ್ಕದ್ದು, ನೆಲದ ಲೆಕ್ಕದ್ದಲ್ಲ. ದೋಣಿ ಹುಟ್ಟು ಹಾಕುವುದು ನೀರಿಗೆ, ದಡಕ್ಕಲ್ಲ, ಹಾಗೆ. ಒಂದು ಲೆಕ್ಕ ಹೇಳುತ್ತೇನೆ, ಇದನ್ನು ಹೊಸಬರಿಗೆ ಮೊದಲ ದಿನವೇ ಹಾಕಿಸುತ್ತಿದ್ದೆ. 6,000 ಕಿ.ಮೀ. ದೂರ, 900 ಕಿ.ಮೀ. ವೇಗ, ಗಾಳಿ ಇಲ್ಲ. ಹೋಗಿಬರಲು 13 ಗಂಟೆ 20 ನಿಮಿಷ. ಈಗ 150 ಕಿ.ಮೀ. ಗಾಳಿ ಬೀಸಿತು ಅನ್ನಿ. ಹೋಗುವಾಗ ವೇಗ 750, ಎಂಟು ಗಂಟೆ. ಬರುವಾಗ 1,050, ಐದು ಗಂಟೆ 43 ನಿಮಿಷ. ಕೂಡಿಸಿದರೆ 13 ಗಂಟೆ 43 ನಿಮಿಷ. ಎದುರುಗಾಳಿ ತಿಂದಷ್ಟನ್ನು ಹಿಂಗಾಳಿ ವಾಪಸ್ ಕೊಡಲಿಲ್ಲ. ಕೊಡುವುದೂ ಇಲ್ಲ, ಯಾಕಂದರೆ ಎದುರುಗಾಳಿಯಲ್ಲಿ ನೀವು ಜಾಸ್ತಿ ಹೊತ್ತು ಇರುತ್ತೀರಿ, ಹಿಂಗಾಳಿಯಲ್ಲಿ ಕಡಿಮೆ ಹೊತ್ತು.

ಅದಕ್ಕೇ ನಾವು ಪಶ್ಚಿಮಕ್ಕೆ ಹೋಗುವ ವಿಮಾನವನ್ನು ಜೆಟ್ ಸ್ಟ್ರೀಮ್‌ನಿಂದ ತಪ್ಪಿಸಿ, ಕೆಲವೊಮ್ಮೆ ಗ್ರೀನ್‌ಲ್ಯಾಂಡಿನ ದಕ್ಷಿಣ ತುದಿಯ ಹತ್ತಿರದವರೆಗೂ ಸುತ್ತಿಸಿ ಕಳಿಸುತ್ತೇವೆ. ದೂರ ಜಾಸ್ತಿ, ಸಮಯ ಕಡಿಮೆ. ಬರುವಾಗ ಮಾತ್ರ ಗಾಳಿ ಬಂದಾಗ ತೂರಿಕೊಳ್ಳುವುದೇ. ಅದರ ಎಲ್ಲೆ ಎಲ್ಲಿಯವರೆಗೆ ಹೋಗುತ್ತದೆ ಅನ್ನುವುದಕ್ಕೆ 2020ರ ಫೆಬ್ರವರಿಯ ಒಂದು ರಾತ್ರಿ ನೆನಪಾಗುತ್ತದೆ. ಸಿಯಾರಾ ಬಿರುಗಾಳಿ ಬ್ರಿಟನ್ ಕಡೆಗೆ ಹೊರಟಿತ್ತು. ಬ್ರಿಟಿಷ್ ಏರ್‌ವೇಸ್‌ನ ಒಂದು 747 ಜೆಎಫ್‌ಕೆಯಿಂದ ಹೀಥ್ರೂಗೆ 4 ಗಂಟೆ 56 ನಿಮಿಷದಲ್ಲಿ ಬಂದು ಇಳಿಯಿತು. ನೆಲದ ಲೆಕ್ಕದಲ್ಲಿ ಅದರ ವೇಗ ಒಂದು ಹಂತದಲ್ಲಿ 1,300 ಕಿ.ಮೀ. ದಾಟಿತ್ತು. ಹಾಗಂತ ಅದು ಶಬ್ದದ ವೇಗ ಮೀರಲಿಲ್ಲ. ಆ ಗಾಳಿಯೊಳಗೆ ಅದು ಎಂದಿನಂತೆ ಶಬ್ದದ ವೇಗದ ನೂರಕ್ಕೆ ಎಂಬತ್ತೈದರ ಆಸುಪಾಸಿನಲ್ಲೇ ಇತ್ತು. ನಿಜವಾಗಿ ಶಬ್ದ ಮೀರಿ ಹಾರಿದ ಕಾಂಕಾರ್ಡ್ 1996ರ ಫೆಬ್ರವರಿ 7ರಂದು ಇದೇ ದಾರಿಯನ್ನು ಮೂರು ಗಂಟೆಗೂ ಕಡಿಮೆ, 2 ಗಂಟೆ 52 ನಿಮಿಷ 59 ಸೆಕೆಂಡಿನಲ್ಲಿ ಮುಗಿಸಿತ್ತು. ಅದು 2003ರಲ್ಲಿ ನಿವೃತ್ತಿಯಾಯಿತು. ನಾವು ಮತ್ತೆ ಎಂಟು ಗಂಟೆಗೆ ಬಂದು ಕೂತೆವು.

ಇನ್ನು "ಸುಮ್ನೆ ಸಮಯ ಜಾಸ್ತಿ ತೋರಿಸುತ್ತಾರಾ" ಅಂದಿರಿ. ಸ್ವಲ್ಪ ಹೌದು, ಸ್ವಲ್ಪ ಇಲ್ಲ. ಟಿಕೆಟ್ ಮೇಲಿರುವುದು ಹಾರಾಟದ ಸಮಯ ಅಲ್ಲ. ಒಂದು ಗೇಟಿನಿಂದ ವಿಮಾನ ಹಿಂದಕ್ಕೆ ಸರಿದ ಕ್ಷಣದಿಂದ ಇನ್ನೊಂದು ಗೇಟಿನಲ್ಲಿ ನಿಂತ ಕ್ಷಣದವರೆಗಿನ ಸಮಯ. ಇದನ್ನು ಬ್ಲಾಕ್ ಟೈಮ್ ಅನ್ನುತ್ತೇವೆ. ಚಕ್ರಕ್ಕೆ ಅಡ್ಡ ಇಡುವ ತುಂಡಿಗೆ ಬ್ಲಾಕ್ ಅನ್ನುತ್ತಿದ್ದರು, ಅದನ್ನು ತೆಗೆದದ್ದರಿಂದ ಮತ್ತೆ ಇಟ್ಟದ್ದರವರೆಗೆ. ನಿಮ್ಮ ಎಂಟು ಗಂಟೆಯನ್ನು ಬಿಡಿಸಿ ನೋಡೋಣ, ಅಂದಾಜಿಗೆ. 5,650 ಕಿ.ಮೀ. ದಾರಿ, ಸರಾಸರಿ 90 ಕಿ.ಮೀ. ಎದುರುಗಾಳಿ, ನೆಲದ ವೇಗ 810. ಏಳು ಗಂಟೆ. ಹತ್ತುವಾಗ ಇಳಿಯುವಾಗ ವಿಮಾನ ಪೂರ್ತಿ ವೇಗದಲ್ಲಿ ಇರುವುದಿಲ್ಲ, ಅದಕ್ಕೊಂದು ಹದಿನೈದು ನಿಮಿಷ. ಹೀಥ್ರೂನಲ್ಲಿ ಗೇಟಿನಿಂದ ರನ್‌ವೇಗೆ ತೆವಳುವುದಕ್ಕೆ ಇಪ್ಪತ್ತು, ಆ ಕಡೆ ರನ್‌ವೇಯಿಂದ ಗೇಟಿಗೆ ಹದಿನೈದು. ಏಳು ಗಂಟೆ ಐವತ್ತು ಆಯಿತು. ಉಳಿದ ಹತ್ತು ನಿಮಿಷ ಕಂಪನಿಯ ಇಡುಗಂಟು.

ಆ ಇಡುಗಂಟನ್ನು ಎಷ್ಟು ಇಡಬೇಕು ಅನ್ನುವುದನ್ನು ಹಿಂದಿನ ವರ್ಷಗಳ ಅದೇ ಋತುವಿನ ಹಾರಾಟಗಳನ್ನು ನೋಡಿ ತೀರ್ಮಾನಿಸುತ್ತಾರೆ. ವಿಮಾನ ಸಮಯಕ್ಕೆ ಬಂತು ಅಂತ ಲೆಕ್ಕ ಹಿಡಿಯುವಾಗ ಹದಿನೈದು ನಿಮಿಷದೊಳಗಿನ ತಡವನ್ನು ತಡ ಅನ್ನುವುದಿಲ್ಲ, ಅದು ಈ ಉದ್ಯಮದ ರೂಢಿ. ಜಾಸ್ತಿ ತೋರಿಸಿದರೆ ಸಮಯಪಾಲನೆಯ ಪಟ್ಟಿಯಲ್ಲಿ ಮೇಲಿರಬಹುದು, ಅದು ನಿಜ. ಆದರೆ ತೀರಾ ಜಾಸ್ತಿ ತೋರಿಸಿದರೆ ಸಿಬ್ಬಂದಿಯ ಕೆಲಸದ ಅವಧಿ, ವಿಮಾನದ ಮುಂದಿನ ಸುತ್ತು ಎಲ್ಲವೂ ದುಬಾರಿ. ಹಾಗಾಗಿ ಮೋಸ ಅನ್ನುವಷ್ಟು ಏನೂ ಇರುವುದಿಲ್ಲ. ನನ್ನನ್ನು ಕೇಳಿದರೆ, ಇಡುಗಂಟು ಇಲ್ಲದ ಕಂಪನಿಗಿಂತ ಇರುವ ಕಂಪನಿಯೇ ವಾಸಿ.

ಇಷ್ಟೆಲ್ಲ ಗೊತ್ತಿದ್ದೂ ನಾನೇ ಒಮ್ಮೆ ಕೆಟ್ಟೆ. ಪ್ರಯಾಣಿಕನಾಗಿ ಹೋಗುತ್ತಿದ್ದೆ, ಹಿಂಗಾಳಿ ಜೋರಿತ್ತು, ಇಪ್ಪತ್ತೈದು ನಿಮಿಷ ಬೇಗ ಇಳಿಯುತ್ತೇವೆ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿ ಖುಷಿಯಾಗಿದ್ದೆ. ಲೆಕ್ಕ ಸರಿಯಾಯಿತು, ಬೇಗ ಇಳಿದೆವು. ಆದರೆ ಗೇಟ್ ಖಾಲಿ ಇರಲಿಲ್ಲ. ಹಿಂದಿನ ವಿಮಾನ ಹೊರಡುವವರೆಗೆ ನಲವತ್ತು ನಿಮಿಷ ಟ್ಯಾಕ್ಸಿವೇ ಮೇಲೆ ಕೂತಿದ್ದೆವು. ಕಿಟಕಿಯಿಂದ ನನ್ನ ಮುಂದಿನ ವಿಮಾನ ಕಾಣುತ್ತಿತ್ತು, ಅದು ಹೊರಟದ್ದೂ ಕಂಡಿತು. ಅವತ್ತಿನಿಂದ ರನ್‌ವೇ ಮುಟ್ಟಿದ ಸಮಯವನ್ನು ನಾನು ತಲುಪಿದ ಸಮಯ ಅಂತ ಹೇಳುವುದನ್ನು ಬಿಟ್ಟೆ.

ಬ್ರಿಟನ್ ಮತ್ತು ಯುರೋಪಿನ ಪರಿಹಾರದ ನಿಯಮಗಳಲ್ಲೂ ಹಾಗೇ. ತಡವನ್ನು ಅಳೆಯುವುದು ಇಳಿದ ಸಮಯದಿಂದಲ್ಲ, ಪ್ರಯಾಣಿಕರು ಇಳಿಯಲಿ ಅಂತ ವಿಮಾನದ ಒಂದಾದರೂ ಬಾಗಿಲು ತೆರೆದ ಸಮಯದಿಂದ. ಯುರೋಪಿನ ನ್ಯಾಯಾಲಯ 2014ರಲ್ಲಿ ಹೀಗಂತ ತೀರ್ಪು ಕೊಟ್ಟಿದೆ. ಪರಿಹಾರ ಎಷ್ಟು ಅನ್ನುವುದು ದೂರದ ಮೇಲೆ ನಿಂತಿದೆ. ಆ ದೂರವನ್ನು ವಿಮಾನ ನಿಜಕ್ಕೂ ಹಾರಿದ ದಾರಿಯಿಂದಲ್ಲ, ಅದೇ ನೂಲಿನ ಮಹಾವೃತ್ತದಿಂದ ಅಳೆಯುತ್ತಾರೆ. ನೀವು ಹುಡುಕಿದ 5,540 ನಿಜವಾಗಿ ಕೆಲಸಕ್ಕೆ ಬರುವುದು ಇಂಥ ಕಡೆ, ಪ್ರಯಾಣದ ಸಮಯ ಅಂದಾಜು ಮಾಡುವುದಕ್ಕಲ್ಲ.

ಅಂದಾಜು ಬೇಕೇ ಬೇಕು ಅಂದರೆ ನನ್ನ ಒರಟು ಲೆಕ್ಕ ಇದು: ಮಹಾವೃತ್ತದ ದೂರವನ್ನು 850ರಿಂದ ಭಾಗಿಸಿ, ಮುಕ್ಕಾಲು ಗಂಟೆ ಸೇರಿಸಿ. ಇಲ್ಲಿ ಏಳು ಗಂಟೆ ಹದಿನೈದು ನಿಮಿಷ ಬರುತ್ತದೆ, ನಿಮ್ಮ ಎರಡು ಟಿಕೆಟ್‌ಗಳ ನಡುವೆ. ಪಶ್ಚಿಮಕ್ಕಾದರೆ ಇನ್ನಷ್ಟು ಸೇರಿಸಿ, ಪೂರ್ವಕ್ಕಾದರೆ ಕಳೆಯಿರಿ. ಉತ್ತರ ದಕ್ಷಿಣಕ್ಕೆ ಹಾರುವ ದಾರಿಗಳಲ್ಲಿ ಈ ವ್ಯತ್ಯಾಸ ಅಷ್ಟು ಇರುವುದಿಲ್ಲ. ಮತ್ತೆ ಈ ಲೆಕ್ಕವೂ ಆಕಾಶ ತೆರೆದಿದ್ದರೆ ಮಾತ್ರ. ಲಂಡನ್‌ನಿಂದ ಟೋಕಿಯೊಗೆ ಸುಮಾರು 9,600 ಕಿ.ಮೀ., ಇವತ್ತೂ ಅಷ್ಟೇ. ಆದರೆ 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ ಬ್ರಿಟನ್ನಿನ ವಿಮಾನಗಳಿಗೆ ಹನ್ನೆರಡು ಗಂಟೆಯ ಒಳಗಿದ್ದ ಪ್ರಯಾಣ ಹದಿನಾಲ್ಕರ ಹತ್ತಿರ ಹೋಯಿತು. ಹೆಲ್ಸಿಂಕಿಯಿಂದ ಟೋಕಿಯೊಗೆ ಹೋಗುವ ಫಿನ್ನೇರ್ ವಿಮಾನಗಳು ಉತ್ತರ ಧ್ರುವದ ಮೇಲೆ ಸುತ್ತಿಕೊಂಡು ಹದಿಮೂರು ಗಂಟೆ ಹಾರಬೇಕಾಯಿತು, ಮೊದಲು ಒಂಬತ್ತೂವರೆ ಸಾಕಿತ್ತು.

ಇಂಧನದ ಭಯ ಬಿಡಿ. ಇದು ನನ್ನ ಕೆಲಸವೇ ಆಗಿತ್ತು, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ. ಇಂಧನ ತುಂಬಿಸುವುದು ನೆಲದ ದೂರಕ್ಕಲ್ಲ, ಅವತ್ತಿನ ಗಾಳಿಯ ಮುನ್ಸೂಚನೆ ಹಾಕಿ ತೆಗೆದ ದೂರಕ್ಕೆ. ಏಳು ಗಂಟೆ 90 ಕಿ.ಮೀ. ಎದುರುಗಾಳಿ ಅಂದರೆ 630 ಕಿ.ಮೀ. ಜಾಸ್ತಿ ಹಾರಿದ ಹಾಗೆ ಅಂತಲೇ ನಮ್ಮ ಕಾಗದದಲ್ಲಿ ಇರುತ್ತದೆ. ಅದರ ಮೇಲೆ ಮುನ್ಸೂಚನೆ ತಪ್ಪಿದರೆ ಅಂತ ಸಾಮಾನ್ಯವಾಗಿ ನೂರಕ್ಕೆ ಐದು. ಅದರ ಮೇಲೆ ಇಳಿಯುವ ಊರು ಮುಚ್ಚಿದ್ದರೆ ಇನ್ನೊಂದು ಊರಿಗೆ ಹೋಗುವಷ್ಟು. ಎಲ್ಲ ಮುಗಿದ ಮೇಲೂ ಅರ್ಧ ಗಂಟೆ ಸುತ್ತುವಷ್ಟು, ಅದನ್ನು ಮುಟ್ಟುವ ಪರಿಸ್ಥಿತಿ ಬಂದರೆ ಪೈಲಟ್ ತುರ್ತು ಅಂತ ಘೋಷಿಸಬೇಕು. ಗಾಳಿ ನಾವು ಅಂದುಕೊಂಡದ್ದಕ್ಕಿಂತ ಕೆಟ್ಟದಾಗಿದ್ದರೆ ಕೆನಡಾದಲ್ಲಿ ಇಳಿದು ತುಂಬಿಸಿಕೊಂಡು ಹೋಗುತ್ತಾರೆ. ಅದು ತಡ, ಅಪಾಯ ಅಲ್ಲ. ಆದರೆ ನಿಮ್ಮ ಶಿಕಾಗೊ ವಿಮಾನ ಅವತ್ತು ಸಿಗುವುದಿಲ್ಲ.

ಶಿಕಾಗೊ ವಿಷಯದಲ್ಲಿ ನಾನು ಖಡಾಖಂಡಿತವಾಗಿ ಹೇಳುತ್ತೇನೆ, ಎರಡು ಗಂಟೆ ಇಪ್ಪತ್ತು ನಿಮಿಷ ಸಾಲದು. ಅದು ಎರಡು ಗಂಟೆ ಇಪ್ಪತ್ತು ನಿಮಿಷವೇ ಅಲ್ಲ. ಅಮೆರಿಕಕ್ಕೆ ಹೊರಗಿನಿಂದ ಬಂದವರು ಸಾಮಾನ್ಯವಾಗಿ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಮುಗಿಸಬೇಕು, ಬ್ಯಾಗ್ ತೆಗೆದುಕೊಳ್ಳಬೇಕು, ಕಸ್ಟಮ್ಸ್ ದಾಟಬೇಕು. ಬೇರೆ ಟಿಕೆಟ್ ಅಂದರೆ ಆಮೇಲೆ ಇನ್ನೊಂದು ಕಂಪನಿಯ ಕೌಂಟರಿಗೆ ಹೋಗಿ ಬ್ಯಾಗ್ ಕೊಟ್ಟು ಮತ್ತೆ ತಪಾಸಣೆಯ ಸಾಲಿನಲ್ಲಿ ನಿಲ್ಲಬೇಕು. ಒಳನಾಡಿನ ವಿಮಾನಗಳಿಗೆ ಬ್ಯಾಗ್ ತೆಗೆದುಕೊಳ್ಳುವುದನ್ನು ಹೊರಡುವ 40–45 ನಿಮಿಷ ಮೊದಲು ನಿಲ್ಲಿಸುತ್ತಾರೆ. 5.20ರಲ್ಲಿ ಮುಕ್ಕಾಲು ಗಂಟೆ ಕಳೆಯಿರಿ, 4.35. ವಿಮಾನ ಸರಿಯಾಗಿ 3ಕ್ಕೆ ಗೇಟಿಗೆ ಬಂದರೂ ನಿಮಗೆ ಸಿಗುವುದು ಒಂದು ಗಂಟೆ ಮೂವತ್ತೈದು ನಿಮಿಷ. ಇಳಿದು ನಡೆಯುವುದಕ್ಕೆ ಹದಿನೈದು ನಿಮಿಷ ಹೋಯಿತು. ಇಮಿಗ್ರೇಷನ್ ಸಾಲು ಅದೃಷ್ಟ ಇದ್ದರೆ ಅರ್ಧ ಗಂಟೆ, ಮಧ್ಯಾಹ್ನ ಯುರೋಪಿನ ವಿಮಾನಗಳೆಲ್ಲ ಒಟ್ಟಿಗೆ ಬಂದು ಬಿದ್ದರೆ ಒಂದೂವರೆ ಗಂಟೆ. ಬೇರೆ ಟರ್ಮಿನಲ್ ಆದರೆ ಏರ್‌ಟ್ರೇನ್ ಹಿಡಿಯಬೇಕು. ಎಲ್ಲವೂ ಕೂಡಿಬಂದರೆ ಐದು ಹತ್ತು ನಿಮಿಷ ಉಳಿಯಬಹುದು. ಯಾವುದಾದರೂ ಒಂದು ಕೈಕೊಟ್ಟರೂ ಮುಗಿಯಿತು.

ಪೈಲಟ್ ವೇಗ ಹೆಚ್ಚಿಸಿ ಸರಿದೂಗಿಸುತ್ತಾನೆ ಅಂತಲೂ ನೆಚ್ಚಿಕೊಳ್ಳಬೇಡಿ. ಶಬ್ದದ ವೇಗದ 0.85ರಲ್ಲಿ ಹೋಗುವುದನ್ನು 0.86 ಮಾಡಿದರೆ ಏಳು ಗಂಟೆಯಲ್ಲಿ ಉಳಿಯುವುದು ಐದು ನಿಮಿಷ, ಸುಡುವ ಇಂಧನ ಮಾತ್ರ ಜಾಸ್ತಿ.

ಇನ್ನೊಂದು, ನೀವು ಬರೀ "ನ್ಯೂಯಾರ್ಕ್‌ನಿಂದ" ಅಂತ ಬರೆದಿದ್ದೀರಿ. ಯಾವ ನಿಲ್ದಾಣ? ಜೆಎಫ್‌ಕೆನಾ, ಎಲ್‌ಜಿಎ ಅಂತ ಇದೆಯಾ, ಇಡಬ್ಲ್ಯೂಆರ್ ಅಂತ ಇದೆಯಾ? ಎಲ್‌ಜಿಎ ಅಂದರೆ ಲಗಾರ್ಡಿಯಾ, ಅದು ಅದೇ ಊರಿನ ಬೇರೆ ನಿಲ್ದಾಣ. ಇಡಬ್ಲ್ಯೂಆರ್ ಅಂದರೆ ನ್ಯೂಆರ್ಕ್, ಅದು ನದಿಯಾಚೆ, ನ್ಯೂಜೆರ್ಸಿಯಲ್ಲಿ. ಶಿಕಾಗೊಗೆ ಲಗಾರ್ಡಿಯಾದಿಂದ ಬಹಳ ವಿಮಾನಗಳಿವೆ, ಹುಡುಕುವಾಗ ಅದೇ ಮೊದಲು ಕಾಣಬಹುದು. ಹಾಗಿದ್ದರೆ ಈ ಲೆಕ್ಕವನ್ನೇ ಮರೆತುಬಿಡಿ.

ಹಾಗಾದರೆ ಏನು ಮಾಡಬಹುದು? 5.20ರದ್ದನ್ನೇ ಹಿಡಿಯುತ್ತೇನೆ ಅಂದರೆ ಕೈಚೀಲ ಮಾತ್ರ ಒಯ್ಯಿರಿ. ಬ್ಯಾಗ್ ಕೌಂಟರ್ ತಪ್ಪುತ್ತದೆ, ಅರ್ಧ ಗಂಟೆಯಾದರೂ ಮಿಗುತ್ತದೆ. ಆದರೆ ತಪ್ಪಿದರೆ ಎರಡನೇ ಕಂಪನಿಯ ಪಾಲಿಗೆ ನೀವು ಬರಲೇ ಇಲ್ಲ, ಅಷ್ಟೇ. ದುಡ್ಡು ಹೋಗುತ್ತದೆ, ಹೊಸ ಟಿಕೆಟ್ ಆ ಸಂಜೆಯ ದರದಲ್ಲಿ ತೆಗೆಯಬೇಕು. ಮೊದಲ ವಿಮಾನ ಎಷ್ಟೇ ತಡವಾಗಿದ್ದರೂ ಬೇರೆ ಟಿಕೆಟ್‌ನ ನಷ್ಟವನ್ನು ಆ ಕಂಪನಿ ಸಾಮಾನ್ಯವಾಗಿ ತಲೆಗೆ ಹಾಕಿಕೊಳ್ಳುವುದಿಲ್ಲ. ರಾತ್ರಿ 8ರ ನಂತರದ ವಿಮಾನ ತೆಗೆದರೆ ಈ ಅಪಾಯ ಬಹಳ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಅವತ್ತಿನ ಕೊನೆಯ ವಿಮಾನವನ್ನು ಮಾತ್ರ ತೆಗೆಯಬೇಡಿ, ಅದರ ಹಿಂದೆ ಇನ್ನೊಂದಾದರೂ ಇರಲಿ. ಶಿಕಾಗೊದಲ್ಲಿ ಮರುದಿನ ಮಧ್ಯಾಹ್ನದವರೆಗೆ ಕೆಲಸ ಇಲ್ಲದಿದ್ದರೆ ನ್ಯೂಯಾರ್ಕ್‌ನಲ್ಲಿ ಮಲಗಿ ಬೆಳಗಿನ ವಿಮಾನ ಹಿಡಿಯುವುದು ಇದ್ದುದರಲ್ಲಿ ನೆಮ್ಮದಿ, ಖರ್ಚು ಇದೆ.

ಆದರೆ ಇದೆಲ್ಲಕ್ಕಿಂತ ಮೊದಲು ಆ ಗ್ಲೋಬ್ ಮತ್ತು ನೂಲನ್ನು ಇನ್ನೊಮ್ಮೆ ಹಿಡಿಯಿರಿ. ಲಂಡನ್‌ನಿಂದ ಶಿಕಾಗೊಗೆ. ಮ್ಯಾಪ್‌ನಲ್ಲಿ ನ್ಯೂಯಾರ್ಕ್ ದಾರಿಯಲ್ಲೇ ಇದೆ ಅನ್ನಿಸುತ್ತದೆ, ಅದಕ್ಕೇ ಅಲ್ವಾ ನೀವು ಹಾಗೆ ಯೋಚಿಸಿದ್ದು? ನೂಲು ನ್ಯೂಯಾರ್ಕ್ ಹತ್ತಿರವೂ ಸುಳಿಯುವುದಿಲ್ಲ, ಕೆನಡಾದ ಮೇಲೆ ಹೋಗುತ್ತದೆ. ನೇರ ದೂರ ಸುಮಾರು 6,350 ಕಿ.ಮೀ. ನ್ಯೂಯಾರ್ಕ್ ಮುಟ್ಟಿ ಹೋದರೆ 5,540ಕ್ಕೆ ಇನ್ನೊಂದು 1,190 ಸೇರಿ 6,730. ನೇರ ವಿಮಾನ ಒಂಬತ್ತು ಗಂಟೆಯ ಆಸುಪಾಸು. ನಿಮ್ಮ ಯೋಜನೆಯಲ್ಲಿ ಎಲ್ಲವೂ ಸರಿಯಾಗಿ ನಡೆದರೂ ಹದಿಮೂರು ಗಂಟೆ ಮೇಲೆ. ನ್ಯೂಯಾರ್ಕ್‌ನಲ್ಲಿ ಮೊದಲ ದಿನವೇ ಕೆಲಸ ಇಲ್ಲ ಅಂದರೆ, ಶಿಕಾಗೊ ಮೊದಲು ಮುಗಿಸಿ ನ್ಯೂಯಾರ್ಕ್ ಆಮೇಲೆ ಇಟ್ಟುಕೊಳ್ಳಬಹುದಾ ನೋಡಿ. ವಾಪಸ್ ಟಿಕೆಟ್ ಹೇಗೂ ಅಲ್ಲಿಂದಲೇ ಇದೆ. ಹಾಗೆ ಮಾಡುವುದಾದರೆ ಹೋಗುವ ಟಿಕೆಟ್ಟನ್ನು ಕಂಪನಿಗೆ ಹೇಳಿ ಬದಲಾಯಿಸಿ, ಸುಮ್ನೆ ಹತ್ತದೇ ಬಿಡಬೇಡಿ. ಮೊದಲ ಭಾಗ ಬಳಸದಿದ್ದರೆ ವಾಪಸ್ ಭಾಗವನ್ನೂ ರದ್ದು ಮಾಡುವ ಕಂಪನಿಗಳೇ ಜಾಸ್ತಿ.

ಅದು ಆಗದಿದ್ದರೆ ಈಗಾಗಲೇ ಟಿಕೆಟ್ ತೆಗೆದ ಕಂಪನಿಗೇ ಫೋನ್ ಮಾಡಿ, ಶಿಕಾಗೊ ಭಾಗವನ್ನು ಅದೇ ಟಿಕೆಟ್‌ಗೆ ಸೇರಿಸಲು ಎಷ್ಟಾಗುತ್ತದೆ ಕೇಳಿ. ಒಂದೇ ಟಿಕೆಟ್ ಆದರೆ ಆ ನಿಲ್ದಾಣಕ್ಕೆ ಕನಿಷ್ಠ ಎಷ್ಟು ಅಂತರ ಬೇಕು ಅಂತ ನಿಗದಿಯಾಗಿದೆಯೋ ಅದಕ್ಕಿಂತ ಕಡಿಮೆಗೆ ಅವರ ಕಂಪ್ಯೂಟರ್ ಮಾರುವುದೇ ಇಲ್ಲ, ಮತ್ತೆ ತಪ್ಪಿದರೆ ಮುಂದಿನ ವಿಮಾನದಲ್ಲಿ ಜಾಗ ಕೊಡುವುದು ಅವರ ತಲೆನೋವು. ಫೋನ್ ಮಾಡುವಾಗ ಹೊರಡುವ ಮತ್ತು ತಲುಪುವ ನಿಲ್ದಾಣದ ಹೆಸರು ಎರಡನ್ನೂ ಅವರ ಬಾಯಲ್ಲೇ ಹೇಳಿಸಿ.